ಹಾಕಿ ಸೆಲೆಕ್ಷನ್‌ಗೆ ಇನ್ನು ಆರು ವಾರ: ಮಕ್ಕಳನ್ನು ಸಜ್ಜು ಮಾಡುವ ಬಗೆ

ಸೆಲೆಕ್ಷನ್ ದಿನ 20 ನಿಮಿಷದ ಒಂದು ಆಟ ಆಡಿಸುತ್ತಾರೆ ಅಂದುಕೊಳ್ಳಿ. ಮೈದಾನದಲ್ಲಿ 22 ಮಕ್ಕಳು, ಬಾಲ್ ಒಂದೇ. ಸಮನಾಗಿ ಹಂಚಿದರೂ ಒಬ್ಬರ ಪಾಲಿಗೆ ಒಂದು ನಿಮಿಷ ಬರುವುದಿಲ್ಲ. ಉಳಿದ 19 ನಿಮಿಷ ನಿಮ್ಮ ಮಗನೋ ಮಗಳೋ ಬಾಲ್ ಇಲ್ಲದೆ ಎಲ್ಲಿ ನಿಂತಿದ್ದಾರೆ, ಯಾವ ಕಡೆ ಓಡುತ್ತಿದ್ದಾರೆ, ಬಾಲ್ ಕಳೆದುಕೊಂಡ ಮೇಲೆ ಏನು ಮಾಡುತ್ತಿದ್ದಾರೆ ಅನ್ನುವುದೆಲ್ಲ ಆಯ್ಕೆ ಮಾಡುವವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮೈಸೂರಿನಲ್ಲಿ ಬೆಳಗಿನ ಹೊತ್ತು ಮಕ್ಕಳಿಗೆ ಹಾಕಿ ಹೇಳಿಕೊಡುತ್ತಾ ಬಂದ ಇಷ್ಟು ವರ್ಷಗಳಲ್ಲಿ ನಾನು ಕಂಡದ್ದೆಂದರೆ, ಮನೆಯವರೂ ಮಕ್ಕಳೂ ತಯಾರಿ ಮಾಡುವುದೆಲ್ಲ ಆ ಒಂದು ನಿಮಿಷಕ್ಕೆ. ಬಾಲನ್ನು ಸ್ಟಿಕ್ಕಿನಲ್ಲೇ ಹೊರಳಿಸಿಕೊಂಡು ಹೋಗುವ ಡ್ರಿಬಲ್, ಜೋರಾದ ಹಿಟ್, ಬಾಲನ್ನು ಸ್ಟಿಕ್ಕಿಗೆ ತಾಗಿಸಿ ಎಳೆದು ಗೋಲಿಗೆ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್. 19 ನಿಮಿಷಕ್ಕೆ ತಯಾರಿ ಮಾಡಿ ಬರುವ ಮಗು ಅಪರೂಪ. ಅಂಥ ಮಗು ಬಂದರೆ ಗೊತ್ತಾಗದೆ ಇರುವುದಿಲ್ಲ.

10ರಿಂದ 17 ವರ್ಷದೊಳಗಿನ ಮಕ್ಕಳ ಅಪ್ಪ ಅಮ್ಮಂದಿರನ್ನು, ಹಾಕಿ ಆಡಿ ಗೊತ್ತಿಲ್ಲದೆಯೂ ಮಕ್ಕಳನ್ನು ಆಡಿಸಬೇಕಾಗಿ ಬಂದ ಶಾಲೆಯ ಪಿ.ಟಿ. ಮೇಷ್ಟ್ರು, ಮೇಡಂಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಆರು ವಾರ ಸಿಕ್ಕರೆ ಒಳ್ಳೆಯದು. ಮೂರೇ ವಾರ ಇದ್ದರೆ ಬಾಲ್ ನಿಲ್ಲಿಸುವುದು ಮತ್ತು ಬಾಲ್ ಇಲ್ಲದಾಗಿನ ಆಟ, ಇವೆರಡನ್ನು ಮಾತ್ರ ಹಿಡಿದುಕೊಳ್ಳಿ.

ಯಾವ ಸೆಲೆಕ್ಷನ್, ಎಂಥ ನೆಲ

ಶಾಲೆಯ ಕ್ರೀಡಾಕೂಟವಾದರೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ಮೈಸೂರು, ಮಂಡ್ಯದ ಮಕ್ಕಳಿಗೆ ಇಲ್ಲಿ ಒಂದು ವಿಶೇಷವಿದೆ. ಮೈಸೂರು ವಿಭಾಗದಲ್ಲಿ ಚಾಮರಾಜನಗರ, ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿಯ ಜೊತೆಗೆ ಕೊಡಗೂ ಸೇರಿದೆ. ಹಾಗಾಗಿ ಮಂಡ್ಯದ ಹುಡುಗ ಜಿಲ್ಲೆ ದಾಟಿದ ಕೂಡಲೇ ಎದುರಿಗೆ ಬಂದು ನಿಲ್ಲುವುದು ಕೊಡಗಿನ ಹುಡುಗ. 1997ರಿಂದ ಕುಟುಂಬ ಕುಟುಂಬಗಳೇ ತಂಡ ಕಟ್ಟಿಕೊಂಡು ಹಾಕಿ ಹಬ್ಬ ಆಡುತ್ತಿರುವ ನಾಡು ಅದು. ಭಾರತ ತಂಡಕ್ಕೆ ಆಡಿದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಬಂದದ್ದು ಅಲ್ಲಿಂದಲೇ. ಇದನ್ನು ಮಗುವಿಗೆ ಹೆದರಿಸಲು ಹೇಳಬೇಡಿ, ಆದರೆ ಮುಚ್ಚಿಡಲೂ ಬೇಡಿ. ಕೊಡಗಿನ ಮಕ್ಕಳ ಕೈಚಳಕ ನಮ್ಮ ಮಕ್ಕಳಿಗಿಂತ ಬಹಳ ಮುಂದಿದೆ ಎಂದು ನನಗೆ ಅನ್ನಿಸಿಲ್ಲ. ಅವರು ದೊಡ್ಡವರ ಜೊತೆ ಆಡಿ ಬೆಳೆದವರು, ಹಾಗಾಗಿ ಎಲ್ಲಿ ನಿಂತರೆ ಬಾಲ್ ಬರುತ್ತದೆ ಅನ್ನುವುದು ಅವರಿಗೆ ಗೊತ್ತು. ನಾವು ಕಲಿಸಬೇಕಾದ್ದು ಅದನ್ನು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳ ಆಯ್ಕೆ ಬೇರೆ ಥರದ್ದು. ಅಲ್ಲಿ ಆಟಕ್ಕೆ ಮೊದಲು ದೇಹದ ಪರೀಕ್ಷೆ ಇರುತ್ತದೆ. ಎತ್ತರ, ತೂಕ ನೋಡುತ್ತಾರೆ. ಸಣ್ಣ ದೂರದ ವೇಗದ ಓಟ, 800 ಮೀಟರ್ ಓಟ, ಶಟಲ್ ಓಟ, ನಿಂತಲ್ಲಿಂದಲೇ ಉದ್ದ ಜಿಗಿತ, ಇಂಥವನ್ನು ಮಾಡಿಸುತ್ತಾರೆ. ಆಟ ಚೆನ್ನಾಗಿ ಬರುವ ಎಷ್ಟೋ ಮಕ್ಕಳು 800 ಮೀಟರನ್ನು ಒಮ್ಮೆಯೂ ಓಡಿ ನೋಡದೆ ಹೋಗಿ, ಮೊದಲ ಸುತ್ತಿನಲ್ಲೇ ಉಸಿರು ಖರ್ಚು ಮಾಡಿಕೊಂಡು ನಿಂತುಬಿಡುತ್ತಾರೆ.

ಮೈಸೂರಿನವರು ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ, ಮಂಡ್ಯದವರು ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಇಲಾಖೆಯವರನ್ನು ಕಂಡು ವಿಚಾರಿಸಿ. ಕೇಳಬೇಕಾದ್ದು ಇಷ್ಟು: ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತೀರಿ, ಆಡಿಸುವುದು ಟರ್ಫ್ (ಕೃತಕ ಹುಲ್ಲಿನ ಹಾಸು) ಮೇಲೋ ಮಣ್ಣಿನ ಮೇಲೋ, ದೇಹದ ಪರೀಕ್ಷೆ ಯಾವುದು ಯಾವುದು, ಗೋಲ್‌ಕೀಪರ್ ಕಿಟ್ ಅಲ್ಲಿ ಇರುತ್ತದೆಯೋ ನಾವೇ ತರಬೇಕೋ. ಫೋನಿನಲ್ಲಿ ಯಾರೋ ಹೇಳಿದರು, ವಾಟ್ಸಾಪ್‌ನಲ್ಲಿ ಬಂತು ಅಂತ ನಂಬಿ ಕೂರಬೇಡಿ. ಹೋಗಿ ಕೇಳಿ, ಬರೆದುಕೊಂಡು ಬನ್ನಿ.

ಕೈಯಲ್ಲಿರುವ ಸ್ಟಿಕ್ ಮಗುವಿನದೇ ಅಳತೆಯದಾ?

ಶಾಲೆ ಯೂನಿಫಾರಂ ತೆಗೆದುಕೊಳ್ಳುವ ಹಾಗೆ ಸ್ಟಿಕ್ ತೆಗೆದುಕೊಳ್ಳುವುದು ನಮ್ಮ ಕಡೆ ತುಂಬ ಇದೆ. "ಬೆಳೆಯೋ ಹುಡುಗ ಅಲ್ವಾ ಸರ್, ಸ್ವಲ್ಪ ದೊಡ್ಡದೇ ಇರ್ಲಿ ಅಂತ ತಗೊಂಡೆ" ಅನ್ನುತ್ತಾರೆ. ಪ್ಯಾಂಟ್ ಉದ್ದವಾದರೆ ಮಡಿಸಬಹುದು, ಸ್ಟಿಕ್ ಮಡಿಸಲು ಬರುವುದಿಲ್ಲ. ಉದ್ದದ ಸ್ಟಿಕ್ ಹಿಡಿದ ಮಗು ಬಗ್ಗುವುದನ್ನು ಬಿಡುತ್ತದೆ, ಬಾಲ್ ಮೈಯಿಂದ ದೂರ ಹೋಗುತ್ತದೆ, ಎಡಬದಿಯ ಬಾಲ್ ಆಡಲು ಸ್ಟಿಕ್ಕನ್ನು ರಿವರ್ಸ್, ಅಂದರೆ ತಿರುವಿ, ಹಿಡಿಯುವಾಗ ಹಿಡಿ ಹೊಟ್ಟೆಗೆ ತಾಗುತ್ತದೆ. ನೆಟ್ಟಗೆ ನಿಲ್ಲಿಸಿ ಸ್ಟಿಕ್ಕನ್ನು ಕಾಲಿನ ಪಕ್ಕ ಇಟ್ಟು ನೋಡಿ. ಹಿಡಿಯ ತುದಿ ಸೊಂಟದ ಮೂಳೆಯ ಹತ್ತಿರಕ್ಕೆ ಬಂದರೆ ಸಾಕು. ದೊಡ್ಡವರು ಸಾಮಾನ್ಯವಾಗಿ 36.5 ಇಂಚಿನದು ಹಿಡಿಯುತ್ತಾರೆ. 12 ವರ್ಷದ ಮಗುವಿಗೆ ಅದು ಬೇಡ. ತೂಕವೂ ಹಗುರವಾಗಿರಲಿ. ಎಡಗೈ ಒಂದರಲ್ಲೇ ಸ್ಟಿಕ್ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಲಾಗದಿದ್ದರೆ ಅದು ಭಾರವೇ.

ಇನ್ನೊಂದು ವಿಷಯ ಬಾಗು. ಸ್ಟಿಕ್‌ನ ಬಾಗು 25 ಮಿಲಿಮೀಟರ್‌ವರೆಗೆ ಇರಲು ನಿಯಮದಲ್ಲಿ ಅವಕಾಶವಿದೆ. ಕೆಳಗಡೆ ಹೆಚ್ಚು ಬಾಗಿರುವ ಸ್ಟಿಕ್‌ಗಳು ಡ್ರ್ಯಾಗ್ ಫ್ಲಿಕ್ ಮಾಡುವವರಿಗೆ ಅನುಕೂಲ. ಅಂಥದ್ದರಲ್ಲಿ ಕಲಿಯುವ ಮಗು ಹಿಟ್ ಮಾಡಿದರೆ ಬಾಲ್ ಮೇಲಕ್ಕೆ ಹಾರುತ್ತದೆ, ಅಪಾಯ ಅನ್ನಿಸಿದರೆ ಅಂಪೈರ್ ಫೌಲ್ ಕೊಡುತ್ತಾರೆ. ಭಾರತ ತಂಡಕ್ಕೆ ಆಡಿದ ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್ ನೋಡಿ ಮಕ್ಕಳಿಗೆ ಆಸೆಯಾಗುವುದು ಸಹಜ, ಆಗಬೇಕಾದ್ದೇ. ಆದರೆ ಬೆಳೆಯುತ್ತಿರುವ ಬೆನ್ನಿಗೆ ಅದು ಭಾರದ ಕೆಲಸ. 15 ದಾಟುವವರೆಗೂ ನಾನು ಹೇಳಿಕೊಡುವುದಿಲ್ಲ.

ಶೂ: ಓಡುವ ಶೂ ಒದ್ದೆ ಟರ್ಫ್ ಮೇಲೆ ಜಾರುತ್ತದೆ, ಫುಟ್‌ಬಾಲಿನ ಉದ್ದ ಮೊಳೆಯ ಶೂ ಟರ್ಫ್‌ಗೆ ಬಿಡುವುದಿಲ್ಲ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬಟುಗಳಿರುವ ಟರ್ಫ್ ಶೂ ಬೇಕು. ಹೊಸ ಶೂವನ್ನು ಸೆಲೆಕ್ಷನ್‌ಗೆ ಎರಡು ವಾರ ಮೊದಲೇ ಹಾಕಿಸಿ ಆಡಿಸಿ. ಹೊಸ ಗ್ರಿಪ್ ಸುತ್ತುವುದಿದ್ದರೂ ವಾರ ಮೊದಲೇ ಸುತ್ತಿ. ಶಿನ್‌ಗಾರ್ಡ್ ಮತ್ತು ಮೌತ್‌ಗಾರ್ಡ್ ವಿಷಯದಲ್ಲಿ ಚೌಕಾಶಿ ಬೇಡ. ಹಾಕಿ ಬಾಲ್ ತೂಗುವುದು 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಹಲ್ಲಿಗೆ ತಾಗಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ಎರಡು ವಾರ: ಬಾಲ್ ನಿಲ್ಲಿಸುವುದೊಂದೇ

ಬಾಲ್ ನಿಲ್ಲಿಸಲು ಬಾರದವರಿಗೆ ಉಳಿದದ್ದು ಯಾವುದೂ ಬರುವುದಿಲ್ಲ. ಎರಡು ವಾರ ಇದಕ್ಕೇ ಕೊಡಿ. ಮಗು ಬೇಸರಪಟ್ಟುಕೊಂಡರೂ ಕೊಡಿ.

ಎಡಗೈ ಮೇಲೆ, ಬಿಗಿಯಾಗಿ. ಸ್ಟಿಕ್ ತಿರುಗಿಸುವುದು ಎಡಗೈ. ಬಲಗೈ ಕೆಳಗೆ, ಸಡಿಲವಾಗಿ. ಅದರ ಮುಷ್ಟಿಯೊಳಗೆ ಸ್ಟಿಕ್ ತಿರುಗುವಂತಿರಬೇಕು. ಮಂಡಿ ಬಗ್ಗಿರಬೇಕು, ಬೆನ್ನು ಮಾತ್ರ ಬಗ್ಗಿಸಿದರೆ ಸಾಲದು. ಬಾಲ್ ಬರುವಾಗ ಎಡಗೈ ಸ್ವಲ್ಪ ಮುಂದಕ್ಕೆ ವಾಲಿ, ಸ್ಟಿಕ್ ಬಾಲ್ ಮೇಲೆ ಸೂರಿನ ಹಾಗೆ ಓರೆಯಾಗಬೇಕು. ಆಗ ಬಾಲ್ ಪುಟಿದು ಮೇಲೆ ಹಾರುವುದಿಲ್ಲ. ತಾಗುವ ಕ್ಷಣಕ್ಕೆ ಕೈ ಒಂದಿಷ್ಟು ಹಿಂದಕ್ಕೆ ಬರಬೇಕು, ಎಸೆದ ಮೊಟ್ಟೆಯನ್ನು ಒಡೆಯದಂತೆ ಹಿಡಿಯುತ್ತೇವಲ್ಲ, ಹಾಗೆ.

ಗೋಡೆ ಇದ್ದರೆ ಸಾಕು, ಜೊತೆಗಾರರು ಬೇಕಿಲ್ಲ. ಐದು ಮೀಟರ್ ದೂರದಿಂದ ಪುಶ್ ಮಾಡಿ (ಸ್ಟಿಕ್ ಬೀಸದೆ ಬಾಲನ್ನು ತಳ್ಳಿ), ತಿರುಗಿ ಬಂದದ್ದನ್ನು ನಿಲ್ಲಿಸಲಿ. ಮುಂಭಾಗದಲ್ಲಿ 50, ರಿವರ್ಸ್‌ನಲ್ಲಿ 50. ಒಂದು ವಾರವಾದ ಮೇಲೆ, ನಿಲ್ಲಿಸುವ ಮೊದಲ ತಾಗುವಿಕೆಯಲ್ಲೇ ಬಾಲ್ ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯಬೇಕು ಅಂತ ಹೇಳಿ. ಬಾಲ್ ಸತ್ತ ಹಾಗೆ ನಿಂತರೆ ಎದುರಾಳಿಗೆ ಬಂದು ಕಸಿಯಲು ಸಮಯ ಸಿಗುತ್ತದೆ. ನಿಲ್ಲಿಸುತ್ತಲೇ ಸರಿಸಿಕೊಂಡವರಿಗೆ ಮುಂದಿನ ಪಾಸ್ ಕೊಡಲು ಜಾಗ ಸಿಗುತ್ತದೆ.

ಒಂದು ಸಣ್ಣ ನೋಟ್‌ಬುಕ್ ಮಾಡಿಸಿ. ಪ್ರತಿದಿನ ಕೊನೆಗೆ 20 ಬಾಲ್ ನೀವೇ ಉರುಳಿಸಿ, ಎಷ್ಟು ನಿಂತವು ಅಂತ ಮಗುವೇ ಬರೆಯಲಿ. 11, 13, 12, 15. ಮಕ್ಕಳಿಗೆ ಈ ಅಂಕಿಗಳಿಂದ ಬರುವ ಧೈರ್ಯ ನಾವು ಬೆನ್ನು ತಟ್ಟಿದ್ದರಿಂದ ಬರುವುದಿಲ್ಲ.

ಇನ್ನು ಹಾಕಿ ಗೊತ್ತಿಲ್ಲದ ಅಪ್ಪ ಅಮ್ಮ ಮಾಡಿಸಬಹುದಾದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಅಭ್ಯಾಸ. ಒಬ್ಬರು ಎದುರಿನಿಂದ ಬಾಲ್ ಉರುಳಿಸಲಿ. ನೀವು ಮಗುವಿನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ ನಿಂತು ಬೆರಳುಗಳನ್ನು ಎತ್ತಿ ಹಿಡಿಯಿರಿ. ಬಾಲ್ ಬಂದು ಮುಟ್ಟುವುದರೊಳಗೆ ಮಗು ಹಿಂದಕ್ಕೆ ಒಮ್ಮೆ ತಿರುಗಿ ನೋಡಿ, ಎಷ್ಟು ಬೆರಳು ಅಂತ ಕೂಗಿ ಹೇಳಿ, ಆಮೇಲೆ ಬಾಲ್ ನಿಲ್ಲಿಸಬೇಕು. ಮೊದಲ ಎರಡು ದಿನ ಎಲ್ಲ ಬಾಲೂ ತಪ್ಪಿ ಹೋಗುತ್ತದೆ. ಹತ್ತು ದಿನದಲ್ಲಿ ಕತ್ತು ತಾನಾಗಿ ತಿರುಗಲು ಶುರುವಾಗುತ್ತದೆ. ಸೆಲೆಕ್ಷನ್ ದಿನ ಬಾಲ್ ಬರುವ ಮೊದಲೇ ಹಿಂದೆ ತಿರುಗಿ ನೋಡುವ ಮಗು, 50 ಮಕ್ಕಳ ನಡುವೆ ಮೂರೋ ನಾಲ್ಕೋ ಸಿಗಬಹುದು.

ಮಣ್ಣಿನಿಂದ ಟರ್ಫ್‌ಗೆ

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ಮಣ್ಣಿನ ಅಂಗಳದಲ್ಲಿ ಆಡಿದವರು. ಮಂಡ್ಯ ಕಡೆಯ ಹಳ್ಳಿ ಶಾಲೆಗಳಿಂದ ಬರುವ ಕೆಲವರು ಟರ್ಫ್ ಮುಟ್ಟಿ ನೋಡುವುದೇ ಸೆಲೆಕ್ಷನ್ ದಿನ. ಹಾಗೆ ಬಂದ ಒಬ್ಬ ಹುಡುಗ ನನಗೆ ಇವತ್ತಿಗೂ ನೆನಪಿದ್ದಾನೆ. ಅವನ ಊರಿನಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಟರ್ಫ್ ಮೇಲೆ ಮೊದಲ ಐದು ಬಾಲ್ ಅವನ ಸ್ಟಿಕ್ಕಿನ ಕೆಳಗೆ ನುಸುಳಿ ಹೋದವು. ಆರನೆಯದಕ್ಕೆ ಅವನು ಬಾಲ್ ಕೇಳುವುದನ್ನೇ ಬಿಟ್ಟ. ಅವನಿಗೆ ಟರ್ಫ್ ಮೇಲೆ ಎರಡು ದಿನ ಆಡುವ ಅವಕಾಶ ಮೊದಲೇ ಸಿಕ್ಕಿದ್ದರೆ ಅನ್ನುವ ಕೊರಗು ನನಗೆ ಇನ್ನೂ ಹೋಗಿಲ್ಲ.

ಇದರಲ್ಲಿ ಮಗು ನಾಚಿಕೊಳ್ಳುವಂಥದ್ದು ಏನೂ ಇಲ್ಲ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ಭಾರತ ವಿಶ್ವಕಪ್ ಗೆದ್ದಿತು, ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಟರ್ಫ್ ಹಾಸಿದರು, ನಾವು ಏಳನೇ ಸ್ಥಾನಕ್ಕೆ ಇಳಿದೆವು. ವಿಶ್ವವನ್ನೇ ಗೆದ್ದವರನ್ನು ತಡವರಿಸುವಂತೆ ಮಾಡಿದ ನೆಲ ಅದು.

ಟರ್ಫ್ ಮೇಲೆ ಬಾಲ್ ಕುಪ್ಪಳಿಸುವುದಿಲ್ಲ, ನೆಟ್ಟಗೆ ಬರುತ್ತದೆ, ಆದರೆ ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ. ಮಣ್ಣಿನಲ್ಲಿ ಆಡಿದ ಮಗುವಿಗೆ ಕಾಯುವ ಅಭ್ಯಾಸ. ಬಾಲ್ ಎಲ್ಲಿ ಎಗರುತ್ತದೋ ನೋಡಿ ಆಮೇಲೆ ಸ್ಟಿಕ್ ಇಡುತ್ತದೆ. ಟರ್ಫ್ ಮೇಲೆ ಸ್ಟಿಕ್ ಮೊದಲೇ ನೆಲಕ್ಕೆ ಇಳಿದಿರಬೇಕು. "ಬಾಲ್ ಹೊರಟಾಗಲೇ ಸ್ಟಿಕ್ ಕೆಳಗೆ" ಅಂತ ದಿನಾ ಹೇಳುತ್ತಿರಿ. ಆರು ವಾರದಲ್ಲಿ ಮೂರು ನಾಲ್ಕು ಸಲವಾದರೂ ಟರ್ಫ್ ಮೇಲೆ ಆಡಿಸಲು ದಾರಿ ಹುಡುಕಿ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಒಂದು ಗಂಟೆಯ ಹಾದಿ. ಶಾಲೆಯ ಮೇಷ್ಟ್ರ ಪತ್ರ ಹಿಡಿದು ಬಂದು ವಿನಯದಿಂದ ಕೇಳಿದರೆ ಅಭ್ಯಾಸದ ಮಕ್ಕಳ ಜೊತೆ ಸೇರಿಸಿಕೊಳ್ಳುವ ತರಬೇತುದಾರರು ಸಿಗುತ್ತಾರೆ. ಅದೂ ಆಗದಿದ್ದರೆ ನಯವಾದ ಸಿಮೆಂಟ್ ನೆಲ, ಬ್ಯಾಸ್ಕೆಟ್‌ಬಾಲ್ ಅಂಕಣ ಹುಡುಕಿ. ಬಾಲ್ ಅಲ್ಲೂ ಟರ್ಫ್‌ನಷ್ಟೇ ಚುರುಕಾಗಿ ಬರುತ್ತದೆ. ಸ್ಟಿಕ್ಕಿನ ತಲೆ ಸವೆಯದಂತೆ ಟೇಪ್ ಸುತ್ತಿಕೊಳ್ಳಿ, ಹಿಟ್ ಬೇಡ, ಪುಶ್ ಮಾತ್ರ.

ಮೂರು ಮತ್ತು ನಾಲ್ಕನೇ ವಾರ: ಬಾಲ್ ಇಲ್ಲದ 19 ನಿಮಿಷ

ಇದಕ್ಕೆ ಆರು ಮಕ್ಕಳು ಬೇಕು. ಹಾಕಿ ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಅಷ್ಟು ಜಾಗ ಬೇಡವೇ ಬೇಡ. 20 ಹೆಜ್ಜೆ ಉದ್ದ, 15 ಹೆಜ್ಜೆ ಅಗಲದ ಚೌಕ ಗೀಚಿ, ಮೂರು ಮೂರು ಜನರ ಎರಡು ತಂಡ ಮಾಡಿ. ಗೋಲ್ ಇಲ್ಲ. ಐದು ಪಾಸ್ ಸತತವಾಗಿ ಕೊಟ್ಟ ತಂಡಕ್ಕೆ ಒಂದು ಪಾಯಿಂಟ್. ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಹೀಗೆ ಐದು ಸಲ.

ಈ ಆಟಕ್ಕೆ ಎರಡು ಕಟ್ಟಳೆ ಹಾಕಿ. ಒಂದು, ಪಾಸ್ ಕೊಟ್ಟವರು ನಿಂತಲ್ಲೇ ನಿಲ್ಲುವಂತಿಲ್ಲ, ಕೊಟ್ಟ ಕೂಡಲೇ ಕನಿಷ್ಠ ಐದು ಹೆಜ್ಜೆ ಹೊಸ ಜಾಗಕ್ಕೆ ಓಡಬೇಕು. ಎರಡನೆಯದು ಇನ್ನೂ ಮುಖ್ಯ. ಬಾಲ್ ಕಳೆದುಕೊಂಡವರೇ ಆ ಕ್ಷಣದಿಂದ ಐದು ಎಣಿಸುವವರೆಗೆ ಬಾಲ್ ಹಿಂದೆ ಬೀಳಬೇಕು. ಕೈ ಚೆಲ್ಲಿ ನಿಲ್ಲುವುದು, ತಲೆ ಅಲ್ಲಾಡಿಸುವುದು, ಜೊತೆಗಾರನ ಮುಖ ನೋಡಿ "ಏನೋ ನೀನು" ಅನ್ನುವುದು, ಯಾವುದಕ್ಕೂ ಅವಕಾಶವಿಲ್ಲ. ಕಸಿದುಕೊಳ್ಳಲು ಆಗದಿದ್ದರೂ ಪರವಾಗಿಲ್ಲ, ಎದುರಾಳಿ ಮುಂದಕ್ಕೆ ಪಾಸ್ ಕೊಡದ ಹಾಗೆ ಅಡ್ಡ ಹೋಗಿ ನಿಂತರೂ ಸಾಕು.

ತಪ್ಪು ಎಲ್ಲರೂ ಮಾಡುತ್ತಾರೆ. ಆಯ್ಕೆ ಮಾಡುವವರಿಗೂ ಅದು ಗೊತ್ತು. ತಪ್ಪಿನ ನಂತರದ ಐದು ಸೆಕೆಂಡ್‌ನಲ್ಲಿ ಮಗುವಿನ ಸ್ವಭಾವ ಕಾಣಿಸುತ್ತದೆ, ಅದನ್ನು ಅವರು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಒಂದು ಜಿಲ್ಲಾ ಸೆಲೆಕ್ಷನ್‌ನಲ್ಲಿ ನಾನು ಪಕ್ಕದಲ್ಲಿ ಕೂತಿದ್ದಾಗ, ಒಂದೂ ಗೋಲ್ ಹೊಡೆಯದ ಸಣಕಲು ಹುಡುಗಿಯೊಬ್ಬಳ ನಂಬರನ್ನು ಇಬ್ಬರು ಆಯ್ಕೆಗಾರರೂ ಬೇರೆ ಬೇರೆಯಾಗಿ ಬರೆದುಕೊಂಡಿದ್ದರು. ಅವಳು ಮೂರು ಸಲ ಬಾಲ್ ಕಳೆದುಕೊಂಡಿದ್ದಳು, ಮೂರು ಸಲವೂ ಹಿಂದೆ ಬಿದ್ದಿದ್ದಳು, ಎರಡು ಸಲ ವಾಪಸ್ ತಂದಿದ್ದಳು.

ಕೂಗುವುದನ್ನೂ ಕಲಿಸಿ. ನಮ್ಮ ಮಕ್ಕಳು ಮೈದಾನದಲ್ಲಿ ತೀರ ಮೌನ. "ಹಿಂದೆ ಆಳು ಇದೆ", "ಟೈಮ್ ಇದೆ", "ಎಡಕ್ಕೆ ಕೊಡು", ಈ ಮೂರು ಮಾತು ಗಟ್ಟಿಯಾಗಿ ಬಂದರೆ ಸಾಕು. ಹೆಣ್ಣುಮಕ್ಕಳಿಗೆ ಇದನ್ನು ಇನ್ನಷ್ಟು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಮನೆಯಲ್ಲಿ ನಾವೇ ಅವರಿಗೆ ಗಟ್ಟಿಯಾಗಿ ಮಾತಾಡಬೇಡ ಅಂತ ಹೇಳಿ ಬೆಳೆಸಿರುತ್ತೇವೆ.

ಇದೇ ವಾರಗಳಲ್ಲಿ ನಿಯಮವನ್ನೂ ಬಾಯಿಪಾಠ ಮಾಡಿಸಿ. ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಹಿಟ್‌ಗೆ ಎದುರಾಳಿ ಐದು ಮೀಟರ್ ದೂರ ಇರಬೇಕು. ಫ್ರೀ ಹಿಟ್ ತೆಗೆದುಕೊಳ್ಳುವವರು ತಮಗೆ ತಾವೇ ಬಾಲ್ ತಳ್ಳಿಕೊಂಡು ಓಡಬಹುದು. ಇದು ತಿಳಿಯದ ಮಕ್ಕಳು ಯಾರಿಗೆ ಕೊಡಲಿ ಅಂತ ನಿಂತು ಅವಕಾಶ ಹಾಳು ಮಾಡುತ್ತಾರೆ. ಎದುರಾಳಿಯ 23 ಮೀಟರ್ ಗೆರೆಯೊಳಗೆ ಸಿಕ್ಕ ಫ್ರೀ ಹಿಟ್ಟನ್ನು ನೇರವಾಗಿ ಡಿ (ಗೋಲಿನ ಮುಂದಿನ ಅರ್ಧ ವೃತ್ತ) ಒಳಗೆ ಹೊಡೆಯುವಂತಿಲ್ಲ. ಬಾಲ್ ಮೊದಲು ಐದು ಮೀಟರ್ ಸಾಗಬೇಕು ಅಥವಾ ಕಾಯುವ ತಂಡದವರೊಬ್ಬರಿಗೆ ತಾಗಬೇಕು. ಗೋಲಿನ ಪಕ್ಕದ ಗೆರೆಯಿಂದ ಬಾಲ್ ತಳ್ಳಿ ಶುರು ಮಾಡುವ ಪೆನಾಲ್ಟಿ ಕಾರ್ನರ್‌ನಲ್ಲಿ ಕಾಯುವವರು ಗೋಲ್‌ಕೀಪರ್ ಸೇರಿ ಐದೇ ಜನ, ಬಾಲ್ ಡಿ ದಾಟಿ ಹೊರಗೆ ಬರುವವರೆಗೆ ಗೋಲಿಗೆ ಹೊಡೆಯುವಂತಿಲ್ಲ. ಇಷ್ಟು ತಿಳಿದಿದ್ದರೆ ಸೀಟಿ ಊದಿದಾಗ ಮಗು ಪೆಚ್ಚಾಗಿ ಅತ್ತಿತ್ತ ನೋಡುವುದಿಲ್ಲ.

ಓಟದ ಬಗ್ಗೆ ಒಂದು ಮಾತು

"ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿಸ್ತಿದೀನಿ ಸರ್" ಅಂತ ಹೆಮ್ಮೆಯಿಂದ ಹೇಳುವ ಅಪ್ಪಂದಿರಿದ್ದಾರೆ. ಸಾವಿರ ಮೆಟ್ಟಿಲು ಹತ್ತುವುದು ವಾರಕ್ಕೊಮ್ಮೆ ಇರಲಿ, ಒಳ್ಳೆಯದೇ. ದಿನಾ ಓಡಿ ಇಳಿದರೆ ಮಾತ್ರ ಬೆಳೆಯುವ ಮಂಡಿಗೆ ಪೆಟ್ಟು. ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನ ಓಟವೂ ಉಸಿರಿಗೆ ಒಳ್ಳೆಯದು, ಆದರೆ ಹಾಕಿಯ ಓಟ ಅದಲ್ಲ. ಹಾಕಿಯಲ್ಲಿ ಹತ್ತಿಪ್ಪತ್ತು ಮೀಟರ್ ಜೋರಾಗಿ ಓಡಿ, ತಟ್ಟನೆ ನಿಂತು, ತಿರುಗಿ ಮತ್ತೆ ಓಡಬೇಕು. ಅದೂ ಬಗ್ಗಿಕೊಂಡು, ಕೈಯಲ್ಲಿ ಸ್ಟಿಕ್ ಹಿಡಿದುಕೊಂಡು.

ವಾರಕ್ಕೆ ಮೂರು ದಿನ ಶಟಲ್ ಓಟ ಮಾಡಿಸಿ. ಹತ್ತು ಮೀಟರ್ ಅಂತರದ ಎರಡು ಗೆರೆ, ಆರು ಸಲ ಅತ್ತಿಂದಿತ್ತ, ಒಂದು ನಿಮಿಷ ವಿಶ್ರಾಂತಿ. ನಾಲ್ಕು ಸುತ್ತಿನಿಂದ ಶುರು ಮಾಡಿ ನಾಲ್ಕನೇ ವಾರಕ್ಕೆ ಎಂಟು ಸುತ್ತು. ಇಲಾಖೆಯ ಆಯ್ಕೆಗೆ ಹೋಗುವವರು ವಾರಕ್ಕೊಮ್ಮೆ 800 ಮೀಟರ್ ಓಡಿ, ಮೊದಲರ್ಧ ಮತ್ತು ಎರಡನೇ ಅರ್ಧದ ಸಮಯ ಬೇರೆ ಬೇರೆ ಬರೆದಿಡಿ. ಎರಡರ ನಡುವೆ ಅಂತರ ತುಂಬ ಇದ್ದರೆ ಶುರುವಿನಲ್ಲೇ ಅವಸರ ಮಾಡುತ್ತಿದ್ದಾರೆ ಅಂತ ಅರ್ಥ. ಬಸ್ಕಿ, ಮುಂದೆ ಕಾಲಿಟ್ಟು ಮಂಡಿ ಬಗ್ಗಿಸುವ ಲಂಜ್, ಮುಂಗೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್, ಇವು ಮನೆಯಲ್ಲೇ ಆಗುತ್ತವೆ. ವಾರದಲ್ಲಿ ಒಂದು ದಿನ ಪೂರ್ತಿ ರಜ. ಮಂಡಿ ಕೆಳಗೆ, ಹಿಮ್ಮಡಿಯಲ್ಲಿ ನೋವು ಅಂದರೆ ಸೋಮಾರಿತನ ಅಂತ ಬೈಯಬೇಡಿ. ಎರಡು ದಿನ ಬಿಡಿಸಿ, ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಯಾವ ಜಾಗ ಅಂತ ಕೇಳಿದರೆ

"ಎಲ್ಲಾದ್ರೂ ಆಡ್ತೀನಿ ಸರ್" ಅನ್ನುವ ಉತ್ತರದಿಂದ ಆಯ್ಕೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಎರಡು ಜಾಗ ಹೇಳಲಿ, ಒಂದು ತನ್ನದು, ಇನ್ನೊಂದು ಅದರ ಪಕ್ಕದ್ದು. "ರೈಟ್ ಹಾಫ್ ಸರ್, ರೈಟ್ ಬ್ಯಾಕ್‌ನಲ್ಲೂ ಆಡಿದೀನಿ" ಅನ್ನುವಂತೆ (ಹಾಫ್ ಅಂದರೆ ನಡುವಿನ ಸಾಲು, ಬ್ಯಾಕ್ ಅಂದರೆ ಅದರ ಹಿಂದೆ ಗೋಲ್ ಕಾಯುವ ಸಾಲು). ಮಗುವಿಗೆ ರಿವರ್ಸ್ ಚೆನ್ನಾಗಿ ಬರುತ್ತಿದ್ದರೆ ಎಡಗಡೆಯ ಜಾಗ ಕೇಳಲು ಹೇಳಿ. ಎಲ್ಲರೂ ಸೆಂಟರ್ ಫಾರ್ವರ್ಡ್ ಆಗಬೇಕೆನ್ನುತ್ತಾರೆ, ಎಡಗಡೆಗೆ ಸ್ಪರ್ಧೆ ಕಡಿಮೆ.

ಗೋಲ್‌ಕೀಪರ್ ಆಗುವ ಮಕ್ಕಳೂ ಕಡಿಮೆ. ಓಡಲಾರದವನನ್ನು ಗೋಲಿಗೆ ನಿಲ್ಲಿಸುವ ನಮ್ಮ ಶಾಲೆಗಳ ರೂಢಿ ಹೋಗಬೇಕು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟದ್ದು ನಮ್ಮ ಕರ್ನಾಟಕದ ಆಶಿಷ್ ಬಲ್ಲಾಳರ ತಡೆಗಳು. 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಗೋಲನ್ನು ಕಾಯಲು ಚುರುಕು ಕಾಲು ಬೇಕು, ಹೆದರಿಕೆ ಇಲ್ಲದ ಕಣ್ಣು ಬೇಕು. ಕಿಟ್ ದುಬಾರಿ, ಎಲ್ಲರಿಗೂ ಕೊಳ್ಳಲಾಗದು. ಶಾಲೆಯದೋ ಕ್ಲಬ್ಬಿನದೋ ಕಿಟ್ ಕೇಳಿ ಪಡೆದು, ಕೊನೆಯ ಮೂರು ವಾರ ಅದನ್ನು ಹಾಕಿಕೊಂಡೇ ಓಡಿಸಿ, ಬಾಲನ್ನು ಕಾಲಿನಿಂದ ಎರಡೂ ಬದಿಗೆ ತಳ್ಳುವ ಅಭ್ಯಾಸ ಮಾಡಿಸಿ. ಪ್ಯಾಡ್ ಕಟ್ಟಿಕೊಂಡು ನಡೆಯುವುದೇ ಮೊದಮೊದಲು ಬೇರೆ ಥರ.

ಊಟ, ನಿದ್ದೆ

ನಮ್ಮ ಮನೆಯ ಅಡುಗೆಯೇ ಸಾಕು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೊಳಕೆ ಹೆಸರುಕಾಳು, ಮೊಟ್ಟೆ, ಕಡ್ಲೆಕಾಯಿ, ಮೊಸರು. ಡಬ್ಬಿಯಲ್ಲಿ ಬರುವ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿಗೆ ಒಳ್ಳೆಯ ಶೂ ಬರುತ್ತದೆ. ಮುದ್ದೆ ತಿಂದು ಮೂರು ಗಂಟೆಯಾದರೂ ಆಗಿರಬೇಕು, ಆಮೇಲೆ ಆಟ. ಬೆಳಗಿನ ಸೆಲೆಕ್ಷನ್ ಆದರೆ ಎರಡು ಗಂಟೆ ಮೊದಲು ಎರಡೋ ಮೂರೋ ಇಡ್ಲಿ, ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಉಪ್ಪು ಬೆಲ್ಲದ ನಿಂಬೆ ಪಾನಕ ಒಂದು ಬಾಟಲಿ. ದಾರಿಯಲ್ಲಿ ಹೋಟೆಲ್ ದೋಸೆ, ಪೂರಿ ಬೇಡ. ಮಕ್ಕಳು ಕೇಳಿದರೆ ಆಟ ಮುಗಿದ ಮೇಲೆ ಕೊಡಿಸಿ.

ಹೆಣ್ಣುಮಕ್ಕಳ ಅಮ್ಮಂದಿರು ಮುಟ್ಟಿನ ದಿನಗಳ ಲೆಕ್ಕ ನೋಡಿಕೊಂಡು ಮೊದಲೇ ಮಾತಾಡಿ. ಬ್ಯಾಗಿನಲ್ಲಿ ಪ್ಯಾಡ್, ಗಾಢ ಬಣ್ಣದ ಇನ್ನೊಂದು ಶಾರ್ಟ್ಸ್ ಇರಲಿ. ಅಭ್ಯಾಸದ ದಿನಗಳಲ್ಲೂ ಹಾಗೆಯೇ ಒಮ್ಮೆ ಆಡಿ ನೋಡಿದ್ದರೆ ಆ ದಿನ ಭಯವಿರುವುದಿಲ್ಲ. ಬರೀ ಈ ಭಯಕ್ಕೆ ಸೆಲೆಕ್ಷನ್ ತಪ್ಪಿಸಿಕೊಂಡ ಹುಡುಗಿಯರಿದ್ದಾರೆ, ಯಾರಿಗೂ ಹೇಳದೆ.

ಐದನೇ ವಾರದಲ್ಲೇ ಕಾಗದ ಪತ್ರ

ಜನನ ಪ್ರಮಾಣ ಪತ್ರ, ಆಧಾರ್, ಮುಖ್ಯೋಪಾಧ್ಯಾಯರ ಸಹಿ ಮೊಹರು ಇರುವ ವ್ಯಾಸಂಗ ಪ್ರಮಾಣ ಪತ್ರ, ನಾಲ್ಕೈದು ಫೋಟೊ, ಎಲ್ಲದರ ಎರಡೆರಡು ಜೆರಾಕ್ಸ್. ಮೂರರಲ್ಲೂ ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಅಕ್ಷರಕ್ಷರ ಹೊಂದುತ್ತವೆಯೇ ಅಂತ ಈಗಲೇ ನೋಡಿ. ನಾನು ತಯಾರು ಮಾಡಿದ ಹುಡುಗಿಯೊಬ್ಬಳು ಶಾಲೆಯ ದಾಖಲೆಯಲ್ಲಿ ತಿಂಗಳು ತಪ್ಪಾಗಿ ಬಿದ್ದಿದ್ದರಿಂದ ಮೈದಾನದ ಗೇಟಿನಿಂದಲೇ ವಾಪಸ್ ಬಂದಳು. ನಾನೇ ಮೊದಲು ನೋಡಬೇಕಿತ್ತು, ನೋಡಲಿಲ್ಲ. ಅಂದಿನಿಂದ ಸ್ಟಿಕ್‌ಗಿಂತ ಮೊದಲು ಕಾಗದ ಕೇಳುತ್ತೇನೆ.

ವಯಸ್ಸು ಇಳಿಸಿ ಕಾಗದ ಮಾಡಿಸುವ ಸಲಹೆ ಯಾರಾದರೂ ಕೊಟ್ಟರೆ ಅವರ ಸಹವಾಸವನ್ನೇ ಬಿಡಿ. ಇನ್ನೊಂದು ಮಗುವಿನ ಜಾಗ ಕದ್ದ ಹಾಗೆ ಅದು. ಸಿಕ್ಕಿಬಿದ್ದರೆ ನಿಮ್ಮ ಮಗುವಿನ ಆಟವೇ ಮುಗಿಯಬಹುದು.

ಕೊನೆಯ ವಾರ ಮತ್ತು ಆ ದಿನ

ಆರನೇ ವಾರ ಅಭ್ಯಾಸ ಅರ್ಧಕ್ಕೆ ಇಳಿಸಿ. ಹೊಸದೇನನ್ನೂ ಕಲಿಸಬೇಡಿ. ಗೋಡೆ ಅಭ್ಯಾಸ, ಹಿಂದೆ ತಿರುಗಿ ಬೆರಳು ಎಣಿಸುವ ಅಭ್ಯಾಸ, ಸ್ವಲ್ಪ ಶಟಲ್, ಬೇಗ ನಿದ್ದೆ. ಹಿಂದಿನ ರಾತ್ರಿ ಬ್ಯಾಗನ್ನು ಮಗುವೇ ತುಂಬಲಿ.

ಒಂದು ಗಂಟೆ ಮೊದಲು ಮೈದಾನ ತಲುಪಿ. ಹೆಸರು ಬರೆಸಿ, ನಂಬರ್ ಪಡೆದು, ಯಾರೂ ಹೇಳದಿದ್ದರೂ ತಾನೇ ಮೈ ಬಿಸಿ ಮಾಡಿಕೊಳ್ಳಲಿ. ಟರ್ಫ್ ಮೇಲೆ ಬಿಟ್ಟರೆ ಮೊದಲು ಹತ್ತು ಬಾಲ್ ನಿಲ್ಲಿಸಿ ನೆಲದ ವೇಗ ಅಳೆಯಲಿ.

ಗುರುತಿಲ್ಲದ ಮಕ್ಕಳ ಜೊತೆ ತಂಡ ಮಾಡುತ್ತಾರೆ. ಆಟ ಶುರುವಾಗುವ ಮುಂಚೆ ಎಡಬಲದಲ್ಲಿ ನಿಲ್ಲುವ ಇಬ್ಬರ ಹೆಸರು ಕೇಳಿಕೊಳ್ಳಲು ಹೇಳಿಕೊಡಿ. "ನಾನು ರೈಟ್ ಹಾಫು, ನಿನ್ ಹೆಸರೇನು? ಓಡು, ಬಾಲ್ ನಾನು ಕೊಡ್ತೀನಿ." ಸೆಲೆಕ್ಷನ್ ಆಟದಲ್ಲಿ ಯಾರೂ ಯಾರಿಗೂ ಬಾಲ್ ಕೊಡುವುದಿಲ್ಲ. ಎಲ್ಲರಿಗೂ ತಾವೇ ಕಾಣಿಸಬೇಕೆಂಬ ಆಸೆ. ಅಂಥ ಗದ್ದಲದಲ್ಲಿ ಹೆಸರು ಹಿಡಿದು ಕೂಗಿ ಸರಿಯಾದ ಪಾಸ್ ಕೊಡುವ ಮಗುವಿನ ಕಡೆ ಕಣ್ಣು ತಾನಾಗಿ ಹೋಗುತ್ತದೆ. ಬಾಲ್ ಬರುತ್ತಲೇ ಇಲ್ಲವಾದರೆ ಬದಿಯಿಂದ ಒಳಕ್ಕೆ ಬರುವ ಹಿಟ್‌ಗಳನ್ನು, ಫ್ರೀ ಹಿಟ್‌ಗಳನ್ನು ಓಡಿಹೋಗಿ ತಾನೇ ತೆಗೆದುಕೊಳ್ಳಲಿ.

ಅಪ್ಪ ಅಮ್ಮ ಗೆರೆಯಿಂದ ದೂರ, ನೆರಳಿನಲ್ಲಿ ಕೂರಿ. "ಹೊಡಿ, ಹೊಡಿ" ಅಂತ ನೀವು ಕೂಗಿದರೆ ಮಗುವಿನ ಕಣ್ಣು ಬಾಲ್ ಬಿಟ್ಟು ನಿಮ್ಮ ಕಡೆ ಬರುತ್ತದೆ. ವಾಪಸ್ ಬರುವಾಗ ಬೈಕಿನ ಮೇಲೆ, ಬಸ್ಸಿನಲ್ಲಿ, ಆಟದ ವಿಚಾರಣೆ ಬೇಡ. ಹಸಿವಾಗಿದೆಯಾ ಅಂತ ಕೇಳಿ. ಮಗು ತಾನೇ ಶುರು ಮಾಡಿದರೆ ಕೇಳಿಸಿಕೊಳ್ಳಿ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಲ್ಲೇ ಆಯ್ಕೆಗಾರರ ಮುಂದೆ ನಿಂತು ವಾದ ಮಾಡಬೇಡಿ. ಮೂರ್ನಾಲ್ಕು ದಿನ ಬಿಟ್ಟು, ಶಾಲೆಯ ಮೇಷ್ಟ್ರ ಮೂಲಕ ಒಂದೇ ಒಂದು ಪ್ರಶ್ನೆ ಕೇಳಿಸಿ: "ಮುಂದಿನ ವರ್ಷಕ್ಕೆ ಇವನು ಮೊದಲು ಸರಿಮಾಡಿಕೊಳ್ಳಬೇಕಾದ್ದು ಯಾವುದು ಸರ್?" ಹೀಗೆ ಕೇಳಿದವರಿಗೆ ಉತ್ತರ ಕೊಡದೆ ಕಳಿಸಿದ ಆಯ್ಕೆಗಾರರನ್ನು ನಾನು ನೋಡಿಲ್ಲ. ಬಂದ ಉತ್ತರವನ್ನು ಆ ನೋಟ್‌ಬುಕ್ಕಿನ ಹೊಸ ಹಾಳೆಯ ಮೇಲೆ ಮಗುವಿನ ಕೈಯಲ್ಲೇ ಬರೆಸಿ, ಕೆಳಗೆ ದಿನಾಂಕ ಹಾಕಿಸಿ. ಒದ್ದೆಯಾದ ಶೂ ಒಳಗೆ ಹಳೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅದೇ ಶೂ ಬೇಕಾಗುತ್ತದೆ.